ಯಂತ್ರಕ್ಕೆ ಆಳೋ, ಆಳಿಗೆ ಯಂತ್ರವೋ?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಮನೆಯ ಖರ್ಚುವೆಚ್ಚದ ವಿಷಯದಲ್ಲಿ ಇದು ನಿಜವಾಗಿಯೂ ಬಾಳಿನ ಬುದ್ಧಿಮಾತು. ಆದರೆ ಇದೇ ಮಾತನ್ನು ಯಂತ್ರಗಳಿಗೂ ಅನ್ವಯಿಸಿ, ಆರಡಿ ಎತ್ತರದ ತರುಣನೊಬ್ಬನು ತಗ್ಗಾದ ಹಳೆಯ ಮೋಟಾರು ಸೈಕಲ್ಲಿನ ಮೇಲೆ ಮೊಣಕಾಲುಗಳನ್ನು ಮಡಚಿಕೊಂಡು, ಬೆನ್ನನ್ನು ಬಗ್ಗಿಸಿಕೊಂಡು ಹೋಗುವಾಗ, “ಗಾಡಿ ಇರೂದ ಹಿಂಗ, ತಮ್ಮಾ, ನೀನ ಹೊಂದ್ಕೋಬೇಕು” ಎಂದು ಹೇಳುವುದು ಸರಿಯೆ? ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಹಾಸಿಗೆಯು ಚಿಕ್ಕದಾದರೆ ನಿದ್ದೆ ಕೆಟ್ಟೀತು. ಸವಾರಿಯ ಭಂಗಿಯು ತಪ್ಪಾದರೆ ಬ್ರೇಕು ಹಿಡಿಯುವುದು ತಡವಾದೀತು. ಎರಡೂ ಒಂದೇ ತೂಕದ ಮಾತಲ್ಲ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಗೆ ಈ ಪ್ರಶ್ನೆಯು ಕೇವಲ ಪಠ್ಯಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಉತ್ತರದ ಭೀಮೆಯಿಂದ ದಕ್ಷಿಣದ ಕೃಷ್ಣೆಯವರೆಗೆ ಹಬ್ಬಿದ ಈ ಎರೆನಾಡಿನಲ್ಲಿ ಊರಿನಿಂದ ಊರಿಗೆ ದೂರ ಹೆಚ್ಚು. ವಿಜಯಪುರದಿಂದ ಸಿಂದಗಿಗೆ ಸುಮಾರು ೬೦ ಕಿಲೋಮೀಟರು. ಗಂಟೆಗೆ ೪೦ ಕಿಲೋಮೀಟರಿನಂತೆ ಹೋದರೆ ಒಂದೂವರೆ ಗಂಟೆಯ ಪ್ರಯಾಣ. ಅಷ್ಟು ಹೊತ್ತು ಅಡ್ಡಾದಿಡ್ಡಿಯಾಗಿ ಕುಳಿತವನ ಮೊಣಕಾಲು, ಸೊಂಟ, ಮಣಿಕಟ್ಟುಗಳು ದೂರು ಹೇಳದೆ ಇರಲಾರವು. ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಬಂದ ಗಾಡಿಯೆಂದ ಮೇಲೆ ಅದು ಹೊಸ ಸವಾರನ ಅಳತೆಗೆ ಒಪ್ಪಬೇಕೆಂಬ ನಿಯಮವೇನೂ ಇಲ್ಲವಷ್ಟೆ?

ನಮ್ಮ ನಾಡಿನ ಹಳೆಯ ಗಾಡಿಗಳಲ್ಲಿ ಜಾವಾ ಮತ್ತು ಯೆಜ್ದಿಗಳಿಗೆ ಒಂದು ವಿಶೇಷ ಸ್ಥಾನವಿದೆ. ಜಾವಾ ಸಂಸ್ಥೆಯನ್ನು ೧೯೨೯ರಲ್ಲಿ ಚೆಕೊಸ್ಲೊವಾಕಿಯದಲ್ಲಿ ಸ್ಥಾಪಿಸಿದವನು ಫ್ರಾಂತಿಶೆಕ್ ಯಾನೆಚೆಕ್ ಎಂಬವನು. ೧೯೬೧ರಿಂದ ಆ ಗಾಡಿಗಳು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿದವು. ೧೯೭೦ರ ದಶಕದಲ್ಲಿ ಅವುಗಳಿಗೆ ಯೆಜ್ದಿ ಎಂಬ ಹೆಸರು ಬಂದಿತು. ೧೯೯೬ರಲ್ಲಿ ಕಾರ್ಖಾನೆಯು ಮುಚ್ಚಿತು. ೨೦೧೮ರಿಂದ ಜಾವಾ ಹೆಸರಿನ ಹೊಸ ಗಾಡಿಗಳು ಬೇರೊಂದು ಸಂಸ್ಥೆಯಿಂದ ಬರುತ್ತಿದ್ದರೂ ಅವುಗಳ ರಚನೆಯೇ ಬೇರೆ. ಹೀಗಾಗಿ ಹಳೆಯ ಗಾಡಿಯನ್ನು ಸವಾರನಿಗೆ ಹೊಂದಿಸುವ ಕೆಲಸವು ತಯಾರಕನ ಕೈಯಿಂದ ಜಾರಿ ಊರಿನ ಮೆಕಾನಿಕ್ಕನ ಮತ್ತು ಸವಾರನ ಪಾಲಿಗೆ ಬಂದಿದೆ. ಹಳೆಯ ೨೫೦ ಸಿ.ಸಿ. ಜಾವಾದ ಗಾಲಿಗಳು ೧೬ ಅಂಗುಲದವು. ಬುಲೆಟ್ಟಿನವು ೧೯ ಅಂಗುಲದವು. ಜಾವಾ ಗಾಡಿಯು ತಗ್ಗಾಗಿ, ಅಚ್ಚುಕಟ್ಟಾಗಿ ಇದೆ. ಗಿಡ್ಡ ಆಳಿಗೆ ಅದು ವರವಾದರೆ, ಉದ್ದ ಕಾಲಿನವನಿಗೆ ಅದೇ ಇಕ್ಕಟ್ಟು.

“ತಯಾರಕರು ಸರಾಸರಿ ಮನುಷ್ಯನಿಗಾಗಿ ಗಾಡಿ ಮಾಡಿರುತ್ತಾರೆ, ಹೆಚ್ಚಿನವರಿಗೆ ಅದು ಒಪ್ಪುತ್ತದೆ” ಎಂದು ಕೆಲವರು ವಾದಿಸುವುದುಂಟು. ಈ ಸರಾಸರಿ ಮನುಷ್ಯನು ಎಲ್ಲಿದ್ದಾನೆಂದು ಹುಡುಕಿದವರೊಬ್ಬರಿದ್ದಾರೆ. ಅಮೆರಿಕದ ವಾಯುಪಡೆಯ ಗಿಲ್ಬರ್ಟ್ ಡೇನಿಯಲ್ಸ್ ಎಂಬವರು, ೧೯೫೦ರಲ್ಲಿ ಅಳತೆ ಮಾಡಲಾದ ೪೦೬೩ ಮಂದಿಯ ಅಂಕಿಗಳನ್ನು ಪರಿಶೀಲಿಸಿದರು. ಎತ್ತರ, ಎದೆಯ ಸುತ್ತಳತೆ, ತೋಳಿನ ಉದ್ದ ಮೊದಲಾದ ೧೦ ಅಳತೆಗಳಲ್ಲಿ ಪ್ರತಿಯೊಂದಕ್ಕೂ ನಡುವಿನ ಒಂದು ಅಗಲವಾದ ಪಟ್ಟಿಯನ್ನು ‘ಸರಾಸರಿ’ ಎಂದು ಗೊತ್ತುಮಾಡಿಕೊಂಡು, ಹತ್ತರಲ್ಲಿಯೂ ಸರಾಸರಿಯಾಗಿರುವವರು ಎಷ್ಟು ಮಂದಿ ಎಂದು ಎಣಿಸಿದರು. ಸಿಕ್ಕ ಉತ್ತರ ಸೊನ್ನೆ! ೧೯೫೨ರಲ್ಲಿ ಪ್ರಕಟವಾದ ಈ ವರದಿಯ ಪಾಠವು ಸ್ಪಷ್ಟವಾಗಿದೆ: ಸರಾಸರಿಗೆಂದು ಮಾಡಿದ ಆಸನವು ಯಾರಿಗೂ ಸಂಪೂರ್ಣವಾಗಿ ಒಪ್ಪುವುದಿಲ್ಲ, ಆದುದರಿಂದ ಆಸನವು ಹೊಂದಿಸಿಕೊಳ್ಳಲು ಬರುವಂತಿರಬೇಕು. ವಿಮಾನಕ್ಕೆ ಸಲ್ಲುವ ನ್ಯಾಯವು ಮೋಟಾರು ಸೈಕಲ್ಲಿಗೂ ಸಲ್ಲಬೇಕಲ್ಲವೆ?

ಇನ್ನು ಭೌತವಿಜ್ಞಾನದ ಮಾತಿಗೆ ಬರೋಣ. ಸವಾರನು ಗಾಡಿಯನ್ನು ಮೂರು ಕಡೆ ಮುಟ್ಟುತ್ತಾನೆ: ಸೀಟು, ಫುಟ್‌ರೆಸ್ಟು, ಹ್ಯಾಂಡಲ್ಲು. ಈ ಮೂರು ಬಿಂದುಗಳನ್ನು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ಸವಾರನ ಭಂಗಿಯನ್ನು ನಿರ್ಧರಿಸುವುದು ಈ ತ್ರಿಕೋನವೇ ಹೊರತು ಗಾಡಿಯ ಒಟ್ಟು ಎತ್ತರವಲ್ಲ. ಈ ಒಂದು ಮಾತನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಸಮಸ್ಯೆಯು ಬಗೆಹರಿದಂತೆಯೇ.

ತೊಡೆಯ ಉದ್ದವು ಮನುಷ್ಯನ ಎತ್ತರದ ಸುಮಾರು ೨೪.೫ ಶೇಕಡ, ಮೊಣಕಾಲಿನಿಂದ ಹಿಮ್ಮಡಿಗಂಟಿನವರೆಗಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ೧೬೫ ಸೆಂ.ಮೀ. ಎತ್ತರದವನಲ್ಲಿ ಇವೆರಡೂ ಕೂಡಿ ೮೧ ಸೆಂ.ಮೀ.; ೧೮೫ ಸೆಂ.ಮೀ.ನವನಲ್ಲಿ ಸುಮಾರು ೯೧ ಸೆಂ.ಮೀ. ಗಾಡಿಯ ಮೇಲೆ ಕುಳಿತಾಗ ಸೊಂಟದ ಕೀಲಿನಿಂದ ಹಿಮ್ಮಡಿಗಂಟಿಗೆ ನೇರವಾದ ಅಂತರವು ೫೫ ಸೆಂ.ಮೀ. ಎಂದಿಟ್ಟುಕೊಳ್ಳೋಣ. ತೊಡೆ ಮತ್ತು ಕಾಲುಗಳು ಸಮದ್ವಿಬಾಹು ತ್ರಿಕೋನದ ಎರಡು ಸಮ ಭುಜಗಳು. ಈ ೫೫ ಸೆಂ.ಮೀ. ಅದರ ಪಾದ. ತ್ರಿಕೋನಮಿತಿಯನ್ನು ಓದಿದ ವಿದ್ಯಾರ್ಥಿಗಳು ಮೊಣಕಾಲಿನ ಕೋನವನ್ನು ತಾವೇ ಕಂಡುಹಿಡಿಯಬಹುದು. ಪಾದವನ್ನು ಎರಡೂ ಭುಜಗಳ ಮೊತ್ತದಿಂದ ಭಾಗಿಸಿದರೆ ಕೋನಾರ್ಧದ ಸೈನ್ ಬೆಲೆಯು ದೊರೆಯುತ್ತದೆ. ಗಿಡ್ಡ ಸವಾರನಿಗೆ ಕೋನವು ಸುಮಾರು ೮೬°. ಎತ್ತರದವನಿಗೆ ಸುಮಾರು ೭೫°. ಅದೇ ಗಾಡಿ, ಅದೇ ಸೀಟು. ಆದರೆ ಒಬ್ಬನ ಮೊಣಕಾಲು ಇನ್ನೊಬ್ಬನದಕ್ಕಿಂತ ೧೧° ಹೆಚ್ಚು ಮಡಚಿರುತ್ತದೆ.

ಈಗ ಸೀಟನ್ನು ೫ ಸೆಂ.ಮೀ. ಏರಿಸೋಣ. ಫುಟ್‌ರೆಸ್ಟು ಸೊಂಟಕ್ಕಿಂತ ಸ್ವಲ್ಪ ಮುಂದಿರುವುದರಿಂದ ನೇರ ಅಂತರವು ಪೂರ್ತಿ ೫ ಸೆಂ.ಮೀ. ಹೆಚ್ಚದೆ ಸುಮಾರು ೪.೫ ಸೆಂ.ಮೀ. ಹೆಚ್ಚುತ್ತದೆ. ಎತ್ತರದವನ ಕೋನವು ೭೫°ಯಿಂದ ೮೨°ಗೆ ಏರುತ್ತದೆ. ಅಂದರೆ ನಾಲ್ಕು ಬೆರಳು ಎತ್ತರವೂ ಇಲ್ಲದ ಒಂದು ಮೆತ್ತೆಯು ಕೊರತೆಯ ಹೆಚ್ಚಿನ ಭಾಗವನ್ನು ತುಂಬಿಕೊಟ್ಟಿತು! ನೂರಾರು ರೂಪಾಯಿಯ ಫೋಮು ಮತ್ತು ರೆಕ್ಸಿನ್ನು ಮಾಡಬಲ್ಲ ಕೆಲಸಕ್ಕೆ ಸಾವಿರಾರು ರೂಪಾಯಿ ಸುರಿದು ಗಾಡಿಯ ಮೈಯನ್ನು ಕೊಯ್ಯಿಸುವುದು ವಿವೇಕವೆ?

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಎತ್ತಿ ತೋರಿಸಬೇಕು. “ಉದ್ದನೆಯ ಶಾಕ್ ಅಬ್ಸಾರ್ಬರು ಹಾಕಿಸಿದರೆ ಗಾಡಿ ಎತ್ತರವಾಗುತ್ತದೆ, ಕಾಲಿಗೆ ಜಾಗ ಸಿಗುತ್ತದೆ” ಎಂದು ನಂಬುವವರು ಬಹಳ. ಗಾಡಿಯು ಎತ್ತರವಾಗುವುದೇನೋ ದಿಟ. ಆದರೆ ಸೀಟು, ಫುಟ್‌ರೆಸ್ಟು ಎರಡೂ ಅದೇ ಚಾಸಿಗೆ ಬಿಗಿದಿರುವುದರಿಂದ ಎರಡೂ ಕೂಡಿಯೇ ಮೇಲೇರುತ್ತವೆ. ನಡುವಿನ ಅಂತರವು ಇದ್ದಷ್ಟೇ ಇರುತ್ತದೆ. ಮೊಣಕಾಲಿಗೆ ಒಂದು ಡಿಗ್ರಿಯ ಲಾಭವೂ ಇಲ್ಲ. ಬದಲಾಗಿ ನಷ್ಟವಿದೆ. ಗಾಲಿಗಳ ನಡುವಿನ ಅಂತರವು ೧.೩ ಮೀಟರ್ ಇರುವ ಗಾಡಿಯ ಹಿಂಭಾಗವನ್ನು ೩ ಸೆಂ.ಮೀ. ಎತ್ತಿದರೆ ಇಡೀ ಗಾಡಿಯು ಮುಂದಕ್ಕೆ ಸುಮಾರು ೧.೩° ಬಾಗುತ್ತದೆ, ಮುಂಗಾಲಿಯ ಫೋರ್ಕು ಅಷ್ಟು ಹೆಚ್ಚು ನೆಟ್ಟಗಾಗುತ್ತದೆ. ಹ್ಯಾಂಡಲ್ಲು ತಿರುಗುವ ಅಕ್ಷದ ರೇಖೆಯನ್ನು ಕೆಳಕ್ಕೆ ಎಳೆದರೆ ಅದು ನೆಲವನ್ನು ಗಾಲಿಯು ಮುಟ್ಟುವ ಜಾಗಕ್ಕಿಂತ ಮುಂದೆ ಮುಟ್ಟುತ್ತದೆ. ಮುಂಗಾಲಿಯು ತಾನಾಗಿ ನೆಟ್ಟಗೆ ಓಡುವ ಗುಣಕ್ಕೆ ಈ ಅಂತರವು ಒಂದು ಮುಖ್ಯ ಕಾರಣ. ೧.೩°ಯ ಬಾಗಿನಿಂದ ಆ ಅಂತರದಲ್ಲಿ ಸುಮಾರು ಮುಕ್ಕಾಲು ಸೆಂಟಿಮೀಟರು ಕಡಿಮೆಯಾಗುತ್ತದೆ. ಕಾಲಿನ ನೋವು ಹಾಗೆಯೇ ಉಳಿದು, ಗಾಡಿಯ ಸ್ಥಿರತೆ ಮಾತ್ರ ಕುಗ್ಗಿತು!

ಹಾಗಾದರೆ ಫುಟ್‌ರೆಸ್ಟನ್ನೇ ಕೆಳಗಿಳಿಸಬಾರದೆ? ಲೆಕ್ಕದಲ್ಲಿ ಇದು ಸೀಟನ್ನು ಏರಿಸಿದಂತೆಯೇ. ನೆಲದ ಮೇಲೆ ಹಾಗಲ್ಲ. ಫುಟ್‌ರೆಸ್ಟಿನ ತುದಿಯು ನೆಲದಿಂದ ೩೦ ಸೆಂ.ಮೀ. ಎತ್ತರದಲ್ಲಿ, ಗಾಡಿಯ ನಡುರೇಖೆಯಿಂದ ೩೫ ಸೆಂ.ಮೀ. ದೂರದಲ್ಲಿದೆ ಎನ್ನೋಣ. ತಿರುವಿನಲ್ಲಿ ಗಾಡಿಯನ್ನು ಸುಮಾರು ೪೦° ವಾಲಿಸಿದಾಗ ಅದು ನೆಲಕ್ಕೆ ತಗಲುತ್ತದೆ. ಅದನ್ನು ೫ ಸೆಂ.ಮೀ. ಇಳಿಸಿದರೆ ೩೫° ವಾಲುವಷ್ಟರಲ್ಲೇ ತಗಲುತ್ತದೆ. ಮಳೆಗಾಲ ಮುಗಿದ ಮೇಲೆ ಎರೆಹೊಲದ ಬಂಡಿದಾರಿ ಒಣಗಿ ಗಟ್ಟಿಯಾದಾಗ ಗಾಲಿಯ ಜಾಡುಗಳು ಎಷ್ಟು ಆಳವಾಗಿ ನಿಲ್ಲುತ್ತವೆಂಬುದನ್ನು ಈ ತಾಲ್ಲೂಕುಗಳ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಜಾಡಿನ ದಂಡೆಗೆ ತಗಲುವ ಫುಟ್‌ರೆಸ್ಟು ಸವಾರನನ್ನು ಕೆಡವೀತು. ಮೇಲಾಗಿ ಜಾವಾ, ಯೆಜ್ದಿಗಳಲ್ಲಿ ಎಡಗಾಲಿನ ಒಂದೇ ಲೀವರು ಗಿಯರಿಗೂ ಕಿಕ್ಕಿಗೂ ಬಳಕೆಯಾಗುವಂತೆ ಮಾಡಿದ್ದಾರೆ. ಫುಟ್‌ರೆಸ್ಟನ್ನು ಸರಿಸಿದರೆ ಆ ಲೀವರು ಕಾಲ್ಬೆರಳಿಗೆ ಸಿಗದೆ ಹೋದೀತು. ಬಲಗಾಲಿನ ಬ್ರೇಕಿಗೂ ಇದೇ ಮಾತು. ಆದುದರಿಂದ ಫುಟ್‌ರೆಸ್ಟನ್ನು ಮುಟ್ಟುವುದು ಕಟ್ಟಕಡೆಯ ಉಪಾಯವಾಗಬೇಕು.

ಸೀಟನ್ನು ಏರಿಸುವ ಬದಲು ಹಿಂದಕ್ಕೆ ಸರಿದು ಕೂರುವ ಉಪಾಯವೂ ಉಂಟು. ಬಂಡಿಯಲ್ಲಿ ಹೇರು ಹಿಂದಾದರೆ ನೊಗವು ಮೇಲೇಳುತ್ತದೆ. ಎತ್ತುಗಳ ಹೆಗಲು ಹಗುರವಾಗಿ ಬಂಡಿಯು ಹತೋಟಿ ತಪ್ಪುತ್ತದೆ. ಮೋಟಾರು ಸೈಕಲ್ಲಿನಲ್ಲಿಯೂ ಅದೇ ನ್ಯಾಯ. ೭೫ ಕಿ.ಗ್ರಾಂ. ತೂಕದ ಸವಾರನು ೫ ಸೆಂ.ಮೀ. ಹಿಂದೆ ಸರಿದರೆ ಮುಂಗಾಲಿಯ ಮೇಲಿನ ಭಾರವು ಸುಮಾರು ೩ ಕಿ.ಗ್ರಾಂ.ನಷ್ಟು ಕಡಿಮೆಯಾಗುತ್ತದೆ. ಒಬ್ಬನೇ ಇದ್ದಾಗ ಇದು ದೊಡ್ಡ ಮಾತಲ್ಲ. ಹಿಂದೆ ಇನ್ನೊಬ್ಬರು ಕುಳಿತು, ಅವರ ಹಿಂದೆ ಒಂದು ಚೀಲವನ್ನೂ ಕಟ್ಟಿದ್ದರೆ, ಆಗಲೇ ಹಗುರವಾದ ಮುಂಗಾಲಿಯಿಂದ ಇನ್ನೂ ಮೂರು ಕಿ.ಗ್ರಾಂ. ಕಳೆಯುವುದು ಒಳ್ಳೆಯದಲ್ಲ. ಇದಕ್ಕೆ ಹೋಲಿಸಿದರೆ ಸೀಟನ್ನು ಏರಿಸುವುದರಿಂದ ಆಗುವ ಕೆಡುಕು ಅತ್ಯಲ್ಪ. ೧೪೦ ಕಿ.ಗ್ರಾಂ.ನ ಗಾಡಿಯ ಮೇಲೆ ೭೫ ಕಿ.ಗ್ರಾಂ.ನ ಸವಾರನು ೫ ಸೆಂ.ಮೀ. ಏರಿ ಕುಳಿತರೆ ಇಬ್ಬರದೂ ಕೂಡಿದ ಗುರುತ್ವಕೇಂದ್ರವು ಎರಡು ಸೆಂ.ಮೀ.ಗಿಂತ ಕಡಿಮೆ ಏರುತ್ತದೆ.

ಸೀಟು ಏರಿದ ಮೇಲೆ ಹ್ಯಾಂಡಲ್ಲಿನ ಸರದಿ ಬರುತ್ತದೆ. ಅದು ಇದ್ದಲ್ಲಿಯೇ ಇದ್ದರೆ ಸವಾರನು ಇನ್ನಷ್ಟು ಮುಂದಕ್ಕೆ ಬಾಗಬೇಕಾಗುತ್ತದೆ. ಬಾಗುವುದು ತಾನಾಗಿ ಕೆಟ್ಟದ್ದಲ್ಲ. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಎದೆ, ತಲೆಗಳ ಮೇಲೆ ಗಾಳಿಯ ಒತ್ತಡವು ಅಂದಾಜು ೫೮ ನ್ಯೂಟನ್. ಅದು ಸವಾರನನ್ನು ಹಿಂದಕ್ಕೆ ತಳ್ಳುತ್ತದೆ. ಸೊಂಟದಿಂದ ಮೇಲಿನ ದೇಹದ ತೂಕವು ಒಟ್ಟು ತೂಕದ ಮೂರನೆಯ ಎರಡರಷ್ಟು. ಅದು ಬಾಗಿದ ಸವಾರನನ್ನು ಮುಂದಕ್ಕೆ ಎಳೆಯುತ್ತದೆ. ಈ ಎರಡು ಭ್ರಾಮಕಗಳು ಸರಿದೂಗಬೇಕಾದರೆ ನಮ್ಮ ಎತ್ತರದ ಸವಾರನು ಸುಮಾರು ೮° ಮಾತ್ರ ಮುಂದಕ್ಕೆ ಬಾಗಿದರೆ ಸಾಕು. ಗಾಳಿಯೇ ಅವನಿಗೆ ಒರಗು. ವೇಗವು ೩೦ ಕಿಲೋಮೀಟರಿಗೆ ಇಳಿದಾಗ ಗಾಳಿಯ ಒತ್ತಡವು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಏಕೆಂದರೆ ಅದು ವೇಗದ ವರ್ಗವನ್ನು ಅನುಸರಿಸುತ್ತದೆ. ತಗ್ಗಾದ ಹ್ಯಾಂಡಲ್ಲಿನಿಂದ ೨೫° ಬಾಗಿದವನನ್ನು ಆಗ ಗಾಳಿಯು ಎತ್ತಿಹಿಡಿಯಲಾರದು. ಉಳಿದ ಭಾರವನ್ನು ಬೆನ್ನಿನ ಸ್ನಾಯುಗಳು ಹೊರದೆ ಕೈಗಳೇ ಹೊತ್ತರೆ, ಅವುಗಳ ಮೇಲೆ ಸುಮಾರು ೧೩ ಕಿ.ಗ್ರಾಂ.ನ ಹೊರೆಯು ಬೀಳುತ್ತದೆ. ಬೆರಳುಗಳು ಜೋಮು ಹಿಡಿಯುವುದರಲ್ಲಿ ಆಶ್ಚರ್ಯವೇನಿದೆ? ಹಳ್ಳಿಯ ದಾರಿಯಲ್ಲಿ ನಿಧಾನವಾಗಿ ಹೋಗುವವನಿಗೆ ನೆಟ್ಟಗೆ ಕೂರುವ ಭಂಗಿಯೇ ತಕ್ಕುದು. ಪಂದ್ಯದ ಸವಾರರ ಚಿತ್ರ ನೋಡಿ ತಗ್ಗಾದ ಹ್ಯಾಂಡಲ್ಲು ಹಾಕಿಸುವುದು ಗಾಳಿಯಿಲ್ಲದ ಕಡೆ ಗಾಳಿಪಟ ಹಾರಿಸಿದಂತೆ.

ಇದೆಲ್ಲ ಬರಿಯ ಸುಖದ ಮಾತೆಂದು ಭಾವಿಸಬಾರದು. ಜೋಮು ಹಿಡಿದ ಬೆರಳು ಬ್ರೇಕಿನ ಲೀವರನ್ನು ಹುಡುಕುವಷ್ಟರಲ್ಲಿ, ಮಡಚಿದ ಕಾಲು ಪೆಡಲಿನ ಮೇಲಕ್ಕೆ ಬರುವಷ್ಟರಲ್ಲಿ, ೦.೩ ಸೆಕೆಂಡು ಹೆಚ್ಚು ತಗಲಿತೆನ್ನೋಣ. ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಆ ಹೊತ್ತಿಗೆ ಗಾಡಿಯು ೪ ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ದಾರಿಗೆ ಅಡ್ಡ ಬಂದ ಕುರಿಯ ಹಿಂಡಿಗೂ, ಕತ್ತಲಲ್ಲಿ ದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರಿಗೂ ಸವಾರನಿಗೂ ನಡುವೆ ಉಳಿಯುವ ಅಂತರವು ಕೆಲವೊಮ್ಮೆ ಅಷ್ಟೇ. ಮೊಣಕಾಲು ಹ್ಯಾಂಡಲ್ಲಿಗೆ ತಗಲಿ ಪೂರ್ತಿ ತಿರುಗಿಸಲು ಬಾರದಿದ್ದರೆ ಅಪಾಯವು ಇನ್ನೂ ಹೆಚ್ಚು.

ಹಾಗಾದರೆ ಏನು ಮಾಡಬೇಕು? ಕ್ರಮವಾಗಿ, ಖರ್ಚಿಲ್ಲದ್ದನ್ನು ಮೊದಲು, ಖರ್ಚಿನದನ್ನು ಆಮೇಲೆ. ಮೊದಲನೆಯದಾಗಿ ಅಳತೆ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸವಾರನನ್ನು ಕೂರಿಸಿ, ಪಕ್ಕದಿಂದ ಒಂದು ಚಿತ್ರ ತೆಗೆದು, ಕೋನಮಾಪಕದಿಂದ ಮೊಣಕಾಲು, ಸೊಂಟ, ಮೊಣಕೈಗಳ ಕೋನಗಳನ್ನು ಅಳೆಯಬೇಕು. ಎರಡನೆಯದಾಗಿ, ಪಾನಾದಿಂದಲೇ ಆಗುವ ಕೆಲಸಗಳು. ಹ್ಯಾಂಡಲ್ಲಿನ ಹಿಡಿತದ ಬೋಲ್ಟು ಸಡಿಲಿಸಿ ಅದನ್ನು ತುಸು ತಿರುಗಿಸುವುದು. ಮುಂಗೈ, ಬೆರಳುಗಳು ಒಂದೇ ನೇರದಲ್ಲಿ ಬರುವಂತೆ ಕ್ಲಚ್ಚು, ಬ್ರೇಕುಗಳ ಲೀವರನ್ನು ಹೊಂದಿಸುವುದು. ಬ್ರೇಕು ಪೆಡಲಿನ ಎತ್ತರವನ್ನು ಪಾದಕ್ಕೆ ಸರಿಯಾಗಿ ಇಡುವುದು. ಮೂರನೆಯದು ಸೀಟು. ಮೊದಲು ಮಡಿಸಿದ ಕಂಬಳಿಯನ್ನು ಬಿಗಿಯಾಗಿ ಕಟ್ಟಿ, ನಿಂತ ಗಾಡಿಯ ಮೇಲೆ ಕೂತು ಎಷ್ಟು ಎತ್ತರ ಬೇಕೆಂದು ಗೊತ್ತುಮಾಡಿಕೊಂಡು, ಬಳಿಕ ಗಟ್ಟಿಯಾದ ಫೋಮು ಹಾಕಿಸಬೇಕು. ಅದೇ ಗಾಡಿಯನ್ನು ಮನೆಯಲ್ಲಿ ಗಿಡ್ಡ ಆಳೂ ಓಡಿಸುವುದಾದರೆ, ತೆಗೆದಿಡಲು ಬರುವ, ಆದರೆ ಜಾರದಂತೆ ಪಟ್ಟಿಯಿಂದ ಬಿಗಿಯುವ ಮೆತ್ತೆಯೇ ಲೇಸು. ನಾಲ್ಕನೆಯದು ಹ್ಯಾಂಡಲ್ಲನ್ನು ಏರಿಸುವುದು. ಹಳೆಯ ಜಾವಾದಲ್ಲಿ ಹೆಡ್‌ಲೈಟಿನ ಮನೆಯಲ್ಲಿಯೇ ಸ್ಪೀಡೋಮೀಟರನ್ನು ಕೂಡಿಸಿ ಎಲ್ಲವನ್ನೂ ಒತ್ತೊತ್ತಾಗಿ ಕಟ್ಟಿರುವುದರಿಂದ ಇಲ್ಲಿ ತಾಳ್ಮೆ ಬೇಕು.

ಹ್ಯಾಂಡಲ್ಲನ್ನು ಏರಿಸಿದಾಗ ಕೇಬಲ್ಲುಗಳು ಬಿಗಿಯಾಗುವುದು ಸಹಜ. ಆದುದರಿಂದ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಗಾಡಿಯನ್ನು ನ್ಯೂಟ್ರಲಿನಲ್ಲಿಟ್ಟು, ಎಂಜಿನ್ನನ್ನು ನಿಧಾನವಾಗಿ ಓಡಿಸುತ್ತ, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಬೇಕು. ಎಂಜಿನ್ನಿನ ಸದ್ದು ಎಲ್ಲಿಯಾದರೂ ಏರಿದರೆ ಎಕ್ಸಿಲರೇಟರಿನ ಕೇಬಲ್ಲು ಎಳೆಯುತ್ತಿದೆಯೆಂದರ್ಥ. ಹಾಗೆಯೇ ಬಿಟ್ಟರೆ ತಿರುವಿನಲ್ಲಿ ಗಾಡಿಯು ತಾನಾಗಿಯೇ ವೇಗ ಹೆಚ್ಚಿಸಿಕೊಂಡೀತು! ಉದ್ದನೆಯ ಕೇಬಲ್ಲು ಹಾಕಿಸದೆ ಅಂಥ ಗಾಡಿಯನ್ನು ರಸ್ತೆಗೆ ತರಕೂಡದು.

ಚಾಸಿಯನ್ನು ಕೊಯ್ದು ಬೆಸೆಯುವುದನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ಬೆಸುಗೆಯ ಕಾವಿಗೆ ಸಿಕ್ಕ ಉಕ್ಕಿನ ಗುಣವು ಬದಲಾಗುತ್ತದೆ. ಬೆಸುಗೆಯ ಅಂಚಿನಲ್ಲಿ ಹುಟ್ಟಿದ ಕಣ್ಣಿಗೆ ಕಾಣದ ಬಿರುಕು, ದಾರಿಯ ಒಂದೊಂದು ಕುಲುಕಿಗೂ ಕೂದಲೆಳೆಯಷ್ಟು ಬೆಳೆದು, ಒಂದು ದಿನ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಕಾನೂನೂ ಇದನ್ನು ಒಪ್ಪುವುದಿಲ್ಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕನು ಗೊತ್ತುಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ನಟ್ಟು ಬೋಲ್ಟಿನಿಂದ ಹಾಕಿ, ನಟ್ಟು ಬೋಲ್ಟಿನಿಂದಲೇ ತೆಗೆಯಲು ಬರುವ ಬದಲಾವಣೆಯೇ ಒಳ್ಳೆಯ ಬದಲಾವಣೆಯೆಂಬ ಸೂತ್ರವನ್ನು ಪಾಲಿಸಿದರೆ ಗಾಡಿಯೂ ಉಳಿಯುತ್ತದೆ, ಸವಾರನೂ ಉಳಿಯುತ್ತಾನೆ.

ಇನ್ನು ಆಕ್ಷೇಪಗಳು. “ಹಳೆಯ ಗಾಡಿಯ ಅಂದವೇ ಅದರ ಮೂಲ ರೂಪದಲ್ಲಿದೆ, ಮುಟ್ಟಬಾರದು” ಎನ್ನುವವರ ಅಭಿಮಾನವನ್ನು ನಾವು ಗೌರವಿಸುತ್ತೇವೆ. ಪ್ರದರ್ಶನಕ್ಕೆ ಇಟ್ಟ ಗಾಡಿಗೆ ಆ ಮಾತು ಸರಿ. ದಿನವೂ ದುಡಿಯುವ ಗಾಡಿಗೆ ಸಲ್ಲದು. “ಎತ್ತರದವರು ಎತ್ತರದ ಹೊಸ ಗಾಡಿ ಕೊಳ್ಳಲಿ” ಎನ್ನುವವರು, ಮನೆಗೆ ಬಂದ ಗಾಡಿಯನ್ನೇ ನಂಬಿ ಕಾಲೇಜಿಗೆ ಬರುವ ರೈತನ ಮಗನ ಜೇಬನ್ನು ಎಣಿಸಿದಂತೆ ಕಾಣುವುದಿಲ್ಲ. ನಮ್ಮ ಬಡಿಗರು ಈ ವಿಷಯದಲ್ಲಿ ಬಹಳ ಹಿಂದಿನಿಂದಲೂ ಜಾಣರು. ರಂಟೆಯ ಮೇಳಿಯು ಹಿಡಿಯುವವನ ಕೈಗೆ ಒಪ್ಪದಿದ್ದರೆ ಅವರು ಒಕ್ಕಲಿಗನಿಗೆ ಬಗ್ಗಿ ಉಳು ಎಂದು ಬೋಧಿಸುವುದಿಲ್ಲ, ಮೇಳಿಯನ್ನು ಬದಲಿಸಿಕೊಡುತ್ತಾರೆ. ಮರದ ಕಸುಬಿನಲ್ಲಿರುವ ಈ ವಿವೇಕವು ಕಬ್ಬಿಣದ ಕಸುಬಿಗೂ ಬರಬೇಕು.

ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ಮನವಿ ಇಷ್ಟೇ. ಹದಿನೆಂಟು ತುಂಬಿ ಲೈಸೆನ್ಸು ಕೈಗೆ ಬರುವವರೆಗೆ ಗಿಯರಿನ ಗಾಡಿ ಓಡಿಸುವ ಆತುರ ಬೇಡ. ಆದರೆ ಅಳೆಯುವುದಕ್ಕೆ ಲೈಸೆನ್ಸು ಬೇಕಾಗಿಲ್ಲ. ಒಂದು ಟೇಪು, ಒಂದು ಕೋನಮಾಪಕ, ಒಂದು ಹಾಳೆ ಸಾಕು. ತಂದೆಯವರನ್ನೋ ಅಣ್ಣನನ್ನೋ ನಿಂತ ಗಾಡಿಯ ಮೇಲೆ ಕೂರಿಸಿ ಆ ತ್ರಿಕೋನವನ್ನು ಬರೆದು ನೋಡಿರಿ. ಪರೀಕ್ಷೆಗಾಗಿ ಕಲಿತ ಸೈನ್ ಕೋಷ್ಟಕವು ಮನೆಯವರೊಬ್ಬರ ಮೊಣಕಾಲಿನ ನೋವನ್ನು ಇಳಿಸಿದರೆ, ಓದಿದ್ದು ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.